ಬೇಕಾಗಿದ್ದ ನಂಬರು

ಕೊಯ್ಲು ಮುಗಿಯುವವರೆಗೂ ಆ ಆಸ್ಪತ್ರೆಯ ಕಿಟಕಿಗಳನ್ನು ತೆರೆಯುವಂತಿರಲಿಲ್ಲ. ಸುತ್ತಲಿನ ಹೊಲಗಳಲ್ಲಿ ಬೆಳಕು ಹರಿಯುವ ಮೊದಲೇ ಯಂತ್ರಗಳು ಓಡತೊಡಗಿ, ಹೊಟ್ಟಿನ ಧೂಳು ಪೇಟೆಯ ಮೇಲೆಲ್ಲ ತೆಳ್ಳಗೆ ಕೂರುತ್ತಿತ್ತು. ಹೊರಗಿನ ಸಾಲಿನಲ್ಲಿ ಕೈ ಕೊಯ್ದುಕೊಂಡವರು, ಕಣ್ಣಿಗೆ ಕಸ ಬಿದ್ದವರು, ಕೆಮ್ಮುವ ಮುದುಕರು ಆಗಲೇ ಬಂದು ಕೂತಿದ್ದರು. ಒಳಗೆ, ಐಸಿಯುವಿನ ಮೂಲೆಯ ಹಾಸಿಗೆಯ ಪಕ್ಕದಲ್ಲಿ ನಿಂತ ಕಿರಿಯ ಡಾಕ್ಟರ್, ರೋಗಿಯ ಮೂಗಿನಿಂದ ಹೊರಬಂದಿದ್ದ ತೆಳು ಕೊಳವೆಯ ತುದಿಗೆ ಸಿರಿಂಜು ಸಿಕ್ಕಿಸಿ ಇನ್ನೊಂದಿಷ್ಟು ಗಾಳಿ ಒಳಗೆ ಬಿಟ್ಟಳು. ಮಾನಿಟರಿನ ಹಸಿರು ಗೆರೆ ಮೇಲಕ್ಕೇರಿತು.

“ಏರ್ತಿದೆ ಸಿಸ್ಟರ್,” ಅಂದಳು.

“ಏರ್ಲಿ. ನೀವು ಒಂದು ಗಳಿಗೆ ಕೂತ್ಕೊಳ್ಳಿ ಡಾಕ್ಟ್ರೇ. ನಿಂತೂ ನಿಂತೂ ಕೊಕ್ಕರೆ ಆಗಿದೀರ,” ಅಂದರು ಹಿರಿಯ ನರ್ಸ್, ಔಷಧಿ ಹನಿಯುವ ಪಂಪುಗಳನ್ನು ಒಂದೊಂದಾಗಿ ನೋಡುತ್ತ.

ಹಾಸಿಗೆಯಲ್ಲಿದ್ದವನು ದನದ ದಲ್ಲಾಳಿ. ಆಳು ಅಂದರೆ ಅಂಥಿಂಥ ಆಳಲ್ಲ. ಸಂತೆಯಲ್ಲಿ ಎಲ್ಲರೂ ಅವನನ್ನು ಗುಡಾಣ ಅಂತಲೇ ಕರೆಯುತ್ತಿದ್ದರು, ಅವನೂ ಆ ಹೆಸರಿಗೇ ಓಗೊಡುತ್ತಿದ್ದ. ಜ್ವರ ಬಂದು, ಕೆಮ್ಮು ಎದೆಗಿಳಿದು, ಎರಡೂ ಶ್ವಾಸಕೋಶಗಳು ನೀರು ಕುಡಿದ ಸ್ಪಂಜಿನಂತಾಗಿದ್ದವು. ಈಗ ಅವನಿಗಾಗಿ ಉಸಿರಾಡುತ್ತಿದ್ದುದು ವೆಂಟಿಲೇಟರ್. ಅದು ಗಾಳಿಯನ್ನು ಒತ್ತಿ ಒಳಗೆ ಕಳಿಸುತ್ತಿತ್ತು. ಆದರೂ ರಕ್ತದಲ್ಲಿನ ಆಮ್ಲಜನಕ ದಿನದಿಂದ ದಿನಕ್ಕೆ ಇಳಿಯುತ್ತಲೇ ಇತ್ತು.

ತೊಡಕು ಅವನ ಗಾತ್ರದಲ್ಲಿತ್ತು. ಯಂತ್ರ ಎಷ್ಟು ಜೋರಾಗಿ ಒತ್ತುತ್ತಿದೆ ಎಂಬುದು ಅದರ ಮುಖದ ಮೇಲೇ ಕಾಣುತ್ತಿತ್ತು. ಆದರೆ ಆ ಒತ್ತಡದಲ್ಲಿ ಎಷ್ಟು ಪಾಲು ಆ ದಪ್ಪ ಎದೆಗೂಡನ್ನೂ ಹೊಟ್ಟೆಯನ್ನೂ ಎತ್ತುವುದಕ್ಕೇ ಖರ್ಚಾಗುತ್ತಿದೆ, ಶ್ವಾಸಕೋಶಕ್ಕೆ ಉಳಿಯುವುದೆಷ್ಟು, ಅದು ಕಾಣುತ್ತಿರಲಿಲ್ಲ. ಉಸಿರು ಹೊರಬಿಟ್ಟ ಮೇಲೆ ಶ್ವಾಸಕೋಶ ಪೂರ್ತಿ ಮುದುರಿಕೊಳ್ಳದಂತೆ ಯಂತ್ರ ಒಂದಿಷ್ಟು ಒತ್ತಡವನ್ನು ಒಳಗೇ ಉಳಿಸುತ್ತದೆ. ಇಲ್ಲಿ ಅದಕ್ಕೆ ತಳದ ಒತ್ತಡ ಅನ್ನುತ್ತಿದ್ದರು. ಅದು ಕಡಿಮೆಯಾದರೆ ಪ್ರತಿ ಉಸಿರಿಗೂ ಶ್ವಾಸಕೋಶ ಮುಚ್ಚಿ ತೆರೆದು ಜಖಂ ಆಗುತ್ತದೆ. ಹೆಚ್ಚಾದರೆ ಹಿಗ್ಗಿ ಹರಿಯುತ್ತದೆ, ಹೃದಯಕ್ಕೆ ರಕ್ತ ಬರುವ ದಾರಿಯೇ ಅದುಮಿಹೋಗುತ್ತದೆ. ಈಗ ಇಟ್ಟಿದ್ದು ಹತ್ತು. ಎಷ್ಟಿರಬೇಕು ಎಂದು ತಿಳಿಯಲು ಇದ್ದ ದಾರಿ ಒಂದೇ: ತುದಿಯಲ್ಲಿ ಪುಟ್ಟ ಬಲೂನಿರುವ ಕೊಳವೆಯನ್ನು ಅನ್ನನಾಳಕ್ಕೆ ಇಳಿಸಿ, ಹೃದಯದ ಹಿಂದೆ ನಿಲ್ಲಿಸಿ, ಶ್ವಾಸಕೋಶವನ್ನು ಹೊರಗಿನಿಂದ ಅಮುಕುತ್ತಿರುವ ಒತ್ತಡ ಎಷ್ಟೆಂದು ಅಳೆಯುವುದು.

ಕಿರಿಯ ಡಾಕ್ಟರ್ ಬೆಳಿಗ್ಗೆಯಿಂದ ಅದನ್ನೇ ಮಾಡುತ್ತಿದ್ದಳು. ಕೊಳವೆಯನ್ನು ಹೊಟ್ಟೆಯವರೆಗೆ ಇಳಿಸಿ, ಹೊಟ್ಟೆಯನ್ನು ಮೆಲ್ಲಗೆ ಒತ್ತಿ, ಗೆರೆ ಕುಣಿಯುವುದನ್ನು ನೋಡಿ, ಆಮೇಲೆ ಹೃದಯದ ಬಡಿತ ಗೆರೆಯ ಮೇಲೆ ಸಣ್ಣ ನಡುಕವಾಗಿ ಕಾಣಿಸುವವರೆಗೆ ಹಿಂದಕ್ಕೆಳೆದಿದ್ದಳು. ಬಲೂನಿಗೆ ಗಾಳಿ ತುಂಬಿದಾಗ ಹದಿನಾಲ್ಕು ಬಂತು. ಇಷ್ಟು ದೊಡ್ಡ ಮೈಗೆ ಹದಿನಾಲ್ಕೇ? ದಪ್ಪನೆಯವರಲ್ಲಿ ಗಾಳಿ ಸಾಲದೆ ಬಲೂನು ಕಡಿಮೆ ತೋರಿಸುತ್ತದೆಂದು ಅವಳು ಓದಿದ್ದಳು. ಇನ್ನಷ್ಟು ಬಿಟ್ಟಳು, ಹದಿನೇಳಾಯಿತು. ಇನ್ನಷ್ಟು ಬಿಟ್ಟಳು. ಇಪ್ಪತ್ತೆರಡಕ್ಕೆ ಬಂದಾಗ ಅವಳ ಮನಸ್ಸಿಗೆ ಸಮಾಧಾನವಾಯಿತು. ಇದು ಇವನಿಗೆ ಒಪ್ಪುವ ನಂಬರು ಅನ್ನಿಸಿತು. ಸಿರಿಂಜನ್ನು ಬದಿಗಿಟ್ಟು, ಕೈಗವಸು ಕಳಚಿ, ಹೆಚ್ಚುಕಮ್ಮಿ ಓಡುತ್ತಲೇ ಹೊರಗೆ ಹೋದಳು.

ಓಡುವುದಕ್ಕೆ ಕಾರಣವಿತ್ತು. ಗುಡಾಣನನ್ನು ದೊಡ್ಡ ಊರಿನ ಆಸ್ಪತ್ರೆಗೆ ಒಯ್ಯಲು ಅವನ ಅಣ್ಣ ಆಂಬುಲೆನ್ಸ್ ತರಿಸಿ ಗೇಟಿನ ಒಳಗೆ ನಿಲ್ಲಿಸಿದ್ದ. ದಾರಿ ಉದ್ದ, ರಸ್ತೆ ಕೆಟ್ಟದ್ದು. ಈ ಸ್ಥಿತಿಯಲ್ಲಿ ಎತ್ತಿ ಸಾಗಿಸಿದರೆ ಅರ್ಧ ದಾರಿಯಲ್ಲೇ ಏನಾದರೂ ಆದೀತೆಂದು ದೊಡ್ಡ ಡಾಕ್ಟರು ಬಿಚ್ಚಿ ಹೇಳಿದ್ದರು. ಮಧ್ಯಾಹ್ನದವರೆಗೆ ನನಗೆ ಕೊಡಿ, ಆಗಲೂ ಏನು ಮಾಡಬೇಕೆಂದು ನನಗೆ ತಿಳಿಯದಿದ್ದರೆ ನಾನೇ ಜೊತೆಗೆ ಬಂದು ಬಿಟ್ಟುಬರುತ್ತೇನೆ ಎಂದಿದ್ದರು. ಅಣ್ಣ ಒಪ್ಪಿದ್ದ. ಒಪ್ಪಿದವನು ಬಾಗಿಲು ಬಿಟ್ಟು ಕದಲಿರಲಿಲ್ಲ.

ಅವನೂ ದಲ್ಲಾಳಿಯೇ. ತಮ್ಮ ಎಷ್ಟು ದಪ್ಪವೋ ಅವನು ಅಷ್ಟು ಸಣಕಲು.

“ಸಿಕ್ತು,” ಅಂದಳು ಕಿರಿಯ ಡಾಕ್ಟರ್. “ಇಪ್ಪತ್ತೆರಡು.”

“ಅದು ಒಳ್ಳೇದೋ ಕೆಟ್ಟದ್ದೋ ಡಾಕ್ಟ್ರಮ್ಮ?”

“ಗೊತ್ತಾಗಿದ್ದು ಒಳ್ಳೇದು. ನಾವು ಬರೀ ಹತ್ತು ಕೊಡ್ತಿದ್ವಿ. ಇನ್ನು ಎಷ್ಟು ಕೊಡ್ಬೇಕು ಅಂತ ಗೊತ್ತಾಯ್ತು. ಇಲ್ಲೇ ಸರಿಹೋಗೋ ಹಾಗಿದೆ.”

ಬೆಂಚಿನ ಮೇಲೆ ಕಾಲು ಮಡಿಸಿಕೊಂಡು ಕೂತಿದ್ದ ಗುಡಾಣನ ಹೆಂಡತಿ ತಲೆಯೆತ್ತಿದಳು. “ಏನಂತೆ ಭಾವ?”

“ನಂಬರ್ ಸಿಕ್ತಂತೆ ತಾಯಿ. ಇಪ್ಪತ್ತೆರಡಂತೆ. ಅರ್ಧಕ್ಕರ್ಧ ಕಡಿಮೆ ಗಾಳಿ ಕೊಟ್ಕೊಂಡು ಕೂತಿದ್ರು ನೋಡು ಇಷ್ಟು ದಿನ,” ಅಂದ ಅಣ್ಣ. ಆದರೆ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಹೆಂಗಸು ಇಪ್ಪತ್ತೆರಡು, ಇಪ್ಪತ್ತೆರಡು ಎಂದು ಎರಡು ಸಲ ತನ್ನಷ್ಟಕ್ಕೇ ಹೇಳಿಕೊಂಡಳು.

ದೊಡ್ಡ ಡಾಕ್ಟರು ಬಂದದ್ದು ಆಗಲೇ. ಗಿಡ್ಡನೆಯ ಹೆಂಗಸು, ನಡಿಗೆ ನಿಧಾನ, ದಾರ ಕಟ್ಟಿದ ಕನ್ನಡಕ ಎದೆಯ ಮೇಲೆ ತೂಗುತ್ತಿತ್ತು. ಅವರು ಓಡಿದ್ದನ್ನು ಆ ಆಸ್ಪತ್ರೆಯಲ್ಲಿ ಕಂಡವರಿರಲಿಲ್ಲ. ಕಿರಿಯಳನ್ನು ಕರೆದುಕೊಂಡು ಒಳಗೆ ಹೋದವರು ಮೊದಲು ರೋಗಿಯ ಕಾಲು ಮುಟ್ಟಿ ತಣ್ಣಗಿದೆಯೋ ಬೆಚ್ಚಗಿದೆಯೋ ನೋಡಿದರು, ಆಮೇಲೆ ಕನ್ನಡಕವೇರಿಸಿ ಪರದೆ ನೋಡಿದರು.

“ಇಪ್ಪತ್ತೆರಡು. ನಾನೂ ಅಷ್ಟೇ ಅಂದ್ಕೊಂಡಿದ್ದೆ,” ಅಂದರು. ಅವರ ಮುಖ ಅರಳಿತು. ಈ ರೋಗಿಯನ್ನು ಕದಲಿಸಬಾರದೆಂದು ಮನೆಯವರೊಂದಿಗೆ, ಆಸ್ಪತ್ರೆಯ ಆಡಳಿತದವರೊಂದಿಗೆ ವಾದ ಹೂಡಿದ್ದವರು ಅವರೇ. ತಳದ ಒತ್ತಡ ಏರಿಸಬೇಕೆಂದು ಹೇಳುತ್ತಿದ್ದವರೂ ಅವರೇ. ಅವರಿಗೆ ಬೇಕಾಗಿದ್ದ ನಂಬರು ಎದುರಿಗೇ ಮಿನುಗುತ್ತಿತ್ತು. ವೆಂಟಿಲೇಟರಿನ ಗುಂಡಿಯ ಮೇಲೆ ಅವರ ಕೈ ಹೋಯಿತು.

ಕೈ ಅಲ್ಲೇ ನಿಂತಿತು.

“ಉಸಿರು ತಡೆದು ಎದೆ ಒತ್ತಿ ನೋಡಿದ್ಯೇನಮ್ಮ?”

“ನೋಡಿದೆ ಮೇಡಂ. ಸರಿ ಇತ್ತು.”

“ಯಾವಾಗ ನೋಡಿದ್ದು? ಈಗಲೋ, ಮೊದಲಲ್ಲೋ?”

“ಮೊದಲಲ್ಲಿ. ಆಮೇಲೆ ಗಾಳಿ ಸಾಲದು ಅನ್ನಿಸ್ತು, ಇನ್ನಷ್ಟು ಬಿಟ್ಟೆ.”

“ಬಿಟ್ಟ ಮೇಲೆ?”

“ನೋಡ್ಲಿಲ್ಲ.”

ದೊಡ್ಡ ಡಾಕ್ಟರು ಗುಂಡಿಯಿಂದ ಕೈ ತೆಗೆದರು. ಹಿರಿಯ ನರ್ಸ್ ಯಾರೂ ಹೇಳದೆಯೇ ಯಂತ್ರದ ಇನ್ನೊಂದು ಬದಿಗೆ ಬಂದು ನಿಂತರು. “ನಂಗೊತ್ತಿತ್ತು,” ಅಂದರು ಕಿರಿಯಳ ಕಿವಿಯ ಬಳಿ, ನಗುತ್ತ. “ಇವರು ಹೀಗೇ. ಬೇಡದ ನಂಬರ್ ಬಂದ್ರೆ ಒಂದ್ಸಲ ನೋಡ್ತಾರೆ. ಬೇಕಾದ ನಂಬರ್ ಬಂದ್ರೆ ಮುಗೀತು, ಎಲ್ರಿಗೂ ಊಟ ತಪ್ತು.”

“ಉಸಿರು ಹಿಡೀರಿ ಸಿಸ್ಟರ್.”

ನರ್ಸ್ ಯಂತ್ರದ ಮೇಲೆ ಬೆರಳೊತ್ತಿ ಹಿಡಿದರು. ಗಾಳಿ ಒಳಗೆ ಹೋಗುವ, ಹೊರಗೆ ಬರುವ ಎರಡು ದಾರಿಗಳೂ ಮುಚ್ಚಿಕೊಂಡವು. ಕೋಣೆಯಲ್ಲಿ ಅಷ್ಟು ಹೊತ್ತಿನಿಂದ ಇದ್ದ ಸುಯ್ಯೆನ್ನುವ ಸದ್ದು ನಿಂತಿತು. ದೊಡ್ಡ ಡಾಕ್ಟರು ಗುಡಾಣನ ಎದೆಯ ಮೇಲೆ ಅಂಗೈಯಿಟ್ಟು, ಹಿಟ್ಟು ನಾದುವವರ ಹದದಲ್ಲಿ ಮೆಲ್ಲಗೆ ಒತ್ತಿದರು. ಬಾಯಿ ಕಟ್ಟಿದ ಚೀಲವನ್ನು ಹೊರಗಿನಿಂದ ಅಮುಕಿದರೆ ಒಳಗಿನ ಒತ್ತಡ ಎಷ್ಟು ಏರುತ್ತದೋ ಹೊರಗಿನದೂ ಅಷ್ಟೇ ಏರಬೇಕು. ಪರದೆಯ ಮೇಲೆ ಉಸಿರುನಳಿಗೆಯ ಗೆರೆ, ಅನ್ನನಾಳದ ಗೆರೆ, ಎರಡೂ ಜೋಡಿಯಾಗಿ ಏಳಬೇಕು.

ಮೇಲಿನ ಗೆರೆ ಹತ್ತರಷ್ಟು ಎದ್ದಿತು. ಕೆಳಗಿನ ಅನ್ನನಾಳದ್ದು ಆರಕ್ಕೇ ನಿಂತಿತು.

“ಬಿಡಿ,” ಅಂದರು ದೊಡ್ಡ ಡಾಕ್ಟರು. ಯಂತ್ರ ಮತ್ತೆ ಉಸಿರಾಡತೊಡಗಿತು. ಇನ್ನೊಮ್ಮೆ ಒತ್ತಿದರು. ಹತ್ತಕ್ಕೆ ಆರು.

ಕಿರಿಯ ಡಾಕ್ಟರಿಗೆ ಈಗ ಅರ್ಥವಾಯಿತು. ಬಲೂನು ತನ್ನ ಗಾಳಿಗೆ ತಾನೇ ಬಿಗಿದುಕೊಂಡು, ಆ ಬಿಗಿತವನ್ನೂ ಲೆಕ್ಕಕ್ಕೆ ಸೇರಿಸಿ ಹೇಳುತ್ತಿತ್ತು. ಇಪ್ಪತ್ತೆರಡರಲ್ಲಿ ಗುಡಾಣನ ಎದೆಯ ಪಾಲೆಷ್ಟು, ರಬ್ಬರಿನ ಪಾಲೆಷ್ಟು, ಯಾರಿಗೂ ಗೊತ್ತಿರಲಿಲ್ಲ. ಆಮ್ಲಜನಕ ಎಂಬತ್ತೈದರಿಂದ ಎಂಬತ್ನಾಲ್ಕಕ್ಕೆ ಇಳಿದು ಅಲಾರಂ ಕೂಗಿತು. ನರ್ಸ್ ಅದನ್ನು ಸುಮ್ಮನಾಗಿಸಿದರು.

“ಮೇಡಂ, ಹೇಗೂ ಹೆಚ್ಚೇ ಇರುತ್ತಲ್ಲ ಇವರಿಗೆ? ಇಳೀತಾ ಇದೆ. ಅಂದಾಜಿನ ಮೇಲೆ ಏರಿಸಿ ನೋಡೋಣ್ವಾ?”

“ಹೆಚ್ಚಿರುತ್ತೆ ಅಂತ ನಂಗೂ ಗೊತ್ತು, ಹೊರಗೆ ಕೂತಿರೋ ಅವರಣ್ಣನಿಗೂ ಗೊತ್ತು. ಅಷ್ಟು ತಿಳ್ಕೊಳ್ಳೋಕೆ ಈ ಮನುಷ್ಯನ ಮೂಗಲ್ಲಿ ಕೊಳವೆ ಯಾಕೆ ತೂರಿಸ್ಬೇಕಿತ್ತು?” ಅವರ ದನಿ ಏರಲಿಲ್ಲ. “ಎಷ್ಟು ಹೆಚ್ಚು ಅನ್ನೋದು ಬೇಕು. ಗಾಳಿ ಪೂರ್ತಿ ತೆಗಿ.”

ಕಿರಿಯ ಡಾಕ್ಟರ್ ಸಿರಿಂಜು ಎಳೆದಳು. ಹಸಿರು ಗೆರೆ ಸಪಾಟಾಯಿತು. ದೊಡ್ಡ ಡಾಕ್ಟರು ಟ್ರೇಯಿಂದ ಬ್ಯಾಂಡೇಜಿನ ಒಂದು ತುಂಡು ಕತ್ತರಿಸಿಕೊಂಡು, ಎರಡು ಕಡೆ ಅಂಟುಪಟ್ಟಿ ಹಾಕಿ, ಮಾನಿಟರಿನ ಮೇಲೆ ಅನ್ನನಾಳದ ನಂಬರು ಮೂಡುವ ಜಾಗಕ್ಕೆ ಅಂಟಿಸಿದರು. ಈಗ ಗೆರೆ ಮಾತ್ರ ಕಾಣುತ್ತಿತ್ತು, ಅಂಕಿ ಇಲ್ಲ.

“ಇದ್ಯಾಕೆ ಮೇಡಂ?”

“ಕಾಣ್ತಿದ್ರೆ ಕೈ ಅದರ ಕಡೆಗೇ ಹೋಗುತ್ತೆ. ನಿನ್ನ ಕೈಯೊಂದೇ ಅಂತಲ್ಲ, ನನ್ನ ಕೈಯೂ ಅಷ್ಟೇ. ಈಗ ತಾನೇ ನೋಡಿದ್ಯಲ್ಲ, ಗುಂಡಿ ತಿರುಗಿಸೋಕೆ ಹೊರಟಿದ್ದೆ,” ಅಂದರು. “ಸ್ವಲ್ಪ ಜಾಸ್ತಿ ತುಂಬಿ ಬಲೂನಿನ ಮಡಿಕೆ ಬಿಡಿಸು. ಈಗ ವಾಪಸ್ ಎಳ್ಕೊ. ಹಾಂ. ಇನ್ನು ಚೂರು ಚೂರೇ ಬಿಡ್ತಾ ಹೋಗು. ಪ್ರತಿ ಸಲ ಅಲೆ ನೋಡು, ಬೇರೇನೂ ನೋಡ್ಬೇಡ.”

ಕೆಲಸ ನಿಧಾನವಾಗಿ ಸಾಗಿತು. ಚೂರು ಗಾಳಿ ಬಿಡುವುದು, ಕೆಲವು ಉಸಿರು ಕಾಯುವುದು, ಯಂತ್ರ ಗಾಳಿ ಒತ್ತಿದಾಗ ಹಸಿರು ಗೆರೆ ಎಷ್ಟು ಉಬ್ಬುತ್ತದೆಂದು ನೋಡುವುದು. ಮೊದಮೊದಲು ಅಲೆ ಕುಗ್ಗಿ ಕುಗ್ಗಿ ಇತ್ತು. ಗಾಳಿ ಹೆಚ್ಚಿದಂತೆ ಎದ್ದು ನಿಂತಿತು. ದೊಡ್ಡ ಡಾಕ್ಟರು ಸ್ಟೂಲಿನ ಮೇಲೆ ಕೂತು, ಗಲ್ಲಕ್ಕೆ ಕೈಕೊಟ್ಟು, ಒಲೆಯ ಮೇಲಿನ ಹಾಲನ್ನು ಕಾಯುವವರ ಹಾಗೆ ಆ ಗೆರೆಯನ್ನು ಕಾದರು. ಅವಸರ ಅವರ ಮೈಯಲ್ಲಿ ಎಲ್ಲೂ ಇರಲಿಲ್ಲ. ಆದರೆ ಇನ್ನೊಂದು ಕೈ ಹಾಸಿಗೆಯ ಅಂಚಿನಲ್ಲಿ ಗುಡಾಣನ ನಾಡಿಯ ಮೇಲಿತ್ತು. ಎಷ್ಟು ಹೊತ್ತಿನಿಂದ ಅದನ್ನು ಹಿಡಿದಿದ್ದರೋ, ಕಿರಿಯ ಡಾಕ್ಟರ್ ಗಮನಿಸಿಯೇ ಇರಲಿಲ್ಲ.

ಬಾಗಿಲಿನ ಗಾಜನ್ನು ಯಾರೋ ಬೆರಳಿನಿಂದ ತಟ್ಟಿದರು. ನರ್ಸ್ ಅರ್ಧ ಬಾಗಿಲು ತೆರೆದರು. ಅಣ್ಣ.

“ಏನಮ್ಮ, ನಂಬರ್ ಸಿಕ್ತು ಅಂದ್ರಿ. ಸಿಕ್ಕಿದ್ದನ್ನ ಬಿಟ್ಟು ಇನ್ನೇನು ಹುಡುಕ್ತಿದೀರ ಒಳಗೆ? ಡ್ರೈವರು ಹೊರಡ್ತೀರೋ ಇಲ್ವೋ ಅಂತ ಕೇಳ್ತಿದಾನೆ.”

“ಸ್ವಲ್ಪ ತಡೀರಿ ಯಜಮಾನ್ರೇ.”

“ತಡಿಯೋದು ಬಿಟ್ಟು ಇನ್ನೇನು ಮಾಡಿದೀನಿ ನಾನು? ತಡೆದೂ ತಡೆದೂ ನಾನೂ ನಿಮ್ಮ ಬೆಂಚಿನ ಕಾಲಾಗಿ ಹೋದೆ.”

“ಆಗ್ಲಿ ಬಿಡಿ, ನಮ್ಮ ಬೆಂಚಿಗೆ ಒಂದು ಕಾಲು ಕಮ್ಮಿನೇ ಇತ್ತು,” ಅಂದು ನರ್ಸ್ ಬಾಗಿಲು ಮುಚ್ಚಿದರು. ಅವನು ಗಾಜಿನ ಹೊರಗೆ ನಿಂತೇ ಇದ್ದ.

“ಇನ್ನೊಂದು ಚೂರು,” ಅಂದರು ದೊಡ್ಡ ಡಾಕ್ಟರು. ಕಿರಿಯಳು ಬಿಟ್ಟಳು. ಗೆರೆ ಇಡಿಯಾಗಿ ಮೇಲೆ ಸರಿಯಿತು, ಆದರೆ ಅಲೆ ಬೆಳೆಯಲಿಲ್ಲ.

“ನೋಡಿದ್ಯಾ?”

“ನೋಡಿದೆ. ಈಗ ಹೋಗ್ತಿರೋ ಗಾಳಿ ಬಲೂನನ್ನ ಬಿಗಿ ಮಾಡ್ತಿದೆ, ಅಷ್ಟೇ.”

“ಹಂಗಾದ್ರೆ?”

“ಒಂದು ಹೆಜ್ಜೆ ಹಿಂದೆ.”

ಅವಳು ಅಷ್ಟು ಗಾಳಿಯನ್ನು ವಾಪಸು ಎಳೆದುಕೊಂಡಳು. ಅವಳು ಬೆಳಿಗ್ಗೆ ಮೊದಲು ಹಾಕಿದ್ದಕ್ಕಿಂತ ಇದು ಹೆಚ್ಚು, ಕೊನೆಗೆ ಹಾಕಿದ್ದಕ್ಕಿಂತ ಎಷ್ಟೋ ಕಡಿಮೆ. ನರ್ಸ್ ಉಸಿರು ಹಿಡಿದರು. ಈ ಸಲ ದೊಡ್ಡ ಡಾಕ್ಟರು ಏಳಲಿಲ್ಲ, “ನೀನೇ ಒತ್ತು” ಅಂದರು. ಕಿರಿಯ ಡಾಕ್ಟರ್ ಅಂಗೈಯಿಟ್ಟಳು. ಎದೆ ಬೆಚ್ಚಗಿತ್ತು, ಅಗಲವಾಗಿತ್ತು. ಒತ್ತಿದಳು. ಎರಡು ಗೆರೆಗಳೂ ಒಂದನ್ನೊಂದು ಕೈಹಿಡಿದು ಎಬ್ಬಿಸಿದಂತೆ ಜೊತೆಜೊತೆಗೇ ಎದ್ದವು. ಮತ್ತೊಮ್ಮೆ ಒತ್ತಿದಳು. ಹಾಗೆಯೇ ಎದ್ದವು.

“ಈಗ ತೆಗಿ ಅದನ್ನ,” ಅಂದರು ದೊಡ್ಡ ಡಾಕ್ಟರು, ಬ್ಯಾಂಡೇಜಿನ ತುಂಡಿನ ಕಡೆ ಗಲ್ಲ ತೋರಿಸಿ.

ಅಂಟುಪಟ್ಟಿ ಕಿತ್ತಾಗ ಕೆಳಗೆ ಹದಿನಾರು ಅಂತಿತ್ತು.

ದೊಡ್ಡ ಡಾಕ್ಟರು ಅದನ್ನು ಕೆಲಹೊತ್ತು ನೋಡಿದರು. ಅವರು ಎಣಿಸಿದ್ದ ನಂಬರು ಅದಲ್ಲ. “ಸರಿ. ಹದಿನಾರಂತೆ,” ಅಂದರು, ಮನೆಗೆ ಬಂದ ನೆಂಟರನ್ನು ಒಳಗೆ ಕರೆಯುವ ದನಿಯಲ್ಲಿ. “ಒಳಗೆ ಹತ್ತು, ಹೊರಗೆ ಹದಿನಾರು. ಪಾಪ, ಉಸಿರು ಬಿಟ್ಟಾಗೆಲ್ಲ ಮುಚ್ಚಿಹೋಗ್ತಿತ್ತು. ಹೊರಗಿನದಕ್ಕಿಂತ ಎರಡು ಹೆಚ್ಚು, ಹದಿನೆಂಟಕ್ಕೆ ಹೋಗೋಣ. ಒಂದೇ ಸಲಕ್ಕೆ ಬೇಡ.”

ಎರಡೆರಡಾಗಿ ಏರಿಸಿದರು. ಪ್ರತಿ ಮೆಟ್ಟಿಲಲ್ಲೂ ನಿಂತು ರಕ್ತದೊತ್ತಡ ನೋಡಿದರು. ಹದಿನಾರರವರೆಗೆ ಅದು ಕದಲಲಿಲ್ಲ. ಹದಿನೆಂಟಕ್ಕೆ ಮುಟ್ಟಿದಾಗ ಜಗ್ಗಿತು. ನರ್ಸ್ ಪಂಪಿನ ಮೇಲೆ ಕೈಯಿಟ್ಟು ಕಾದರು. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಸುಧಾರಿಸಿಕೊಂಡು ಮೇಲೆ ಬಂತು.

“ಇಪ್ಪತ್ತೆರಡು ನಂಬಿದ್ರೆ ಎಲ್ಲಿಗೆ ಹೋಗ್ತಿದ್ವಿ ಮೇಡಂ?” ಅಂದರು ನರ್ಸ್.

“ಇಪ್ಪತ್ನಾಲ್ಕಕ್ಕೆ.”

ಆಮ್ಲಜನಕ ಎಂಬತ್ತಾರಾಯಿತು. ಬಹಳ ಹೊತ್ತು ಅಲ್ಲೇ ಕೂತು, ಎಂಬತ್ತೆಂಟಾಯಿತು. ಕಿರಿಯ ಡಾಕ್ಟರ್ ನೋಡುತ್ತಿದ್ದಂತೆಯೇ ತೊಂಬತ್ತೊಂದಕ್ಕೆ ಬಂದು ನಿಂತಿತು. ದೊಡ್ಡ ಡಾಕ್ಟರು ಗುಡಾಣನ ನಾಡಿ ಬಿಟ್ಟು, ಮರಗಟ್ಟಿದ ಬೆರಳುಗಳನ್ನು ಮಡಿಸಿ ಬಿಚ್ಚಿ ಮಾಡಿದರು.

“ಮೇಡಂ,” ಅಂದಳು ಕಿರಿಯ ಡಾಕ್ಟರ್, “ನಾನು ಹೇಳ್ಬಿಟ್ಟಿದೀನಿ.”

“ಏನನ್ನ?”

“ಇಪ್ಪತ್ತೆರಡು ಅಂತ. ಅವರಣ್ಣನ ಹತ್ರ. ಹೆಂಡ್ತಿ ಹತ್ರಾನೂ.”

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟರು. ಕಿರಿಯಳು ಬೈಗುಳಕ್ಕೆ ಕಾದಳು. ಅದು ಬರಲಿಲ್ಲ.

“ತಪ್ಪು ಅಂತೂ ಇಬ್ಬರದೂ. ನಾನು ಹತ್ತಿರ ನಿಲ್ಲಬೇಕಿತ್ತು. ಆದ್ರೆ ಮಾತು ಕೊಟ್ಟು ಬಂದಿದ್ದು ನೀನು. ಅದು ನಿನ್ನ ಹೆಸರಲ್ಲಿರೋ ಬಾಕಿ, ನಾನು ಹೋಗಿ ತೀರಿಸಿದ್ರೆ ತೀರಲ್ಲ.”

“ಈಗ ಹೇಗೂ ಸುಧಾರಿಸ್ತಿದಾರಲ್ಲ ಮೇಡಂ. ಸರಿಹೋಗ್ತಿದೆ ಅಂತ ಹೇಳಿದ್ರೆ ಸಾಕಲ್ವಾ?”

“ಅದನ್ನೂ ಹೇಳು. ಮೊದಲು ಇದನ್ನ ಹೇಳು. ಎತ್ಕೊಂಡು ಹೋಗ್ತಾನೋ ಬಿಡ್ತಾನೋ, ಅವನು ತೀರ್ಮಾನ ಮಾಡ್ಬೇಕು. ನಿನ್ನ ಇಪ್ಪತ್ತೆರಡರ ಮೇಲೆ ಮಾಡ್ಬಾರ್ದು.”

ಕಿರಿಯ ಡಾಕ್ಟರ್ ಹೊರಗೆ ಬಂದಾಗ ಅಣ್ಣ ಗಾಜಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಈ ಸಲ ಓಡಿರಲಿಲ್ಲ.

“ಬೆಳಿಗ್ಗೆ ನಾನು ಇಪ್ಪತ್ತೆರಡು ಅಂದೆ. ಅದು ತಪ್ಪು. ಹದಿನಾರು.”

ಅವನು ಅವಳನ್ನೇ ನೋಡಿದ. “ಬೆಳಿಗ್ಗೆ ಒಂದು ರೇಟು, ಮಧ್ಯಾಹ್ನ ಒಂದು ರೇಟು. ನಮ್ಮ ಸಂತೆಗಿಂತ ಕಡೆ ಆಯ್ತಲ್ಲ ಡಾಕ್ಟ್ರಮ್ಮ ಇದು.”

“ಹೌದು. ನಾನು ಬಲೂನಿಗೆ ಗಾಳಿ ಜಾಸ್ತಿ ಬಿಟ್ಟಿದ್ದೆ. ಬಿಟ್ಟ ಮೇಲೆ ಸರಿ ಇದೆಯಾ ಅಂತ ಪರೀಕ್ಷೆ ಮಾಡ್ಲಿಲ್ಲ. ಆ ನಂಬರ್ ನಂಬಿ ಯಂತ್ರ ಏರಿಸಿದ್ದಿದ್ರೆ ಅವರಿಗೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ.”

“ಏರಿಸಿದ್ರಾ?”

“ಇಲ್ಲ. ದೊಡ್ಡ ಮೇಡಂ ತಡೆದ್ರು. ಈಗಿರೋದನ್ನ ಎರಡು ಸಲ ಒತ್ತಿ ನೋಡಿದೀವಿ. ಬಲೂನಿನ ಗಾಳಿ ಮೆಲ್ಲಗೆ ಸೋರುತ್ತೆ, ಅದಕ್ಕೆ ಸಂಜೆ ಪೂರ್ತಿ ತೆಗೆದು ಮತ್ತೆ ತುಂಬಿ ಮತ್ತೆ ನೋಡ್ತೀವಿ. ಆಗ ಬೇರೆ ಬಂದ್ರೂ ಬರಬಹುದು. ಬಂದ್ರೆ ಅದನ್ನೂ ಹೇಳ್ತೀನಿ. ಆಮ್ಲಜನಕ ತೊಂಬತ್ತೊಂದಕ್ಕೆ ಬಂದಿದೆ. ಗೆದ್ದರು ಅಂತ ನಾನು ಹೇಳಲ್ಲ.”

ಗುಡಾಣನ ಹೆಂಡತಿ ಎದ್ದು ಹತ್ತಿರ ಬಂದಿದ್ದಳು. ಅಣ್ಣ ಗೋಡೆಗೆ ಕೈಕೊಟ್ಟು ನಿಂತ.

“ಸಂತೇಲಿ ಹಿಂಗೆ ವಾಪಸ್ ಬಂದು ತಪ್ಪಾಯ್ತು ಅಂತ ಹೇಳೋಕೆ ಶುರು ಮಾಡಿದ್ರೆ, ನಮ್ಮ ಜನದ ಹೆಂಡ್ರು ಮಕ್ಕಳು ಉಪವಾಸ ಬೀಳ್ತಾರೆ,” ಅಂದ. ಆಮೇಲೆ, ದನಿ ತಗ್ಗಿಸಿ, “ಇದನ್ನ ನೀವಾಗೇ ಬಂದು ಹೇಳ್ತಿದೀರೋ, ಅವರು ಕಳಿಸಿದ್ರೋ?”

“ಅವರು ಕಳಿಸಿದ್ರು.”

“ಕಳಿಸದೇ ಇದ್ದಿದ್ರೆ?”

“ಗೊತ್ತಿಲ್ಲ,” ಅಂದಳು.

ಅವನು ತಲೆಯಾಡಿಸಿದ. ಗಾಜಿನಾಚೆ ದೊಡ್ಡ ಡಾಕ್ಟರು ತಮ್ಮನ ಕಾಲ ಮೇಲೆ ಹೊದಿಕೆ ಎಳೆದು ಸರಿಮಾಡುತ್ತಿದ್ದುದನ್ನು ಕೆಲಹೊತ್ತು ನೋಡಿದ. ಆಮೇಲೆ ಮೆಟ್ಟಿಲಿಳಿದು ಹೋದ.

ಪಡಸಾಲೆಯ ಮುಚ್ಚಿದ ಕಿಟಕಿಯಿಂದ ಆಂಬುಲೆನ್ಸ್ ಕಾಣುತ್ತಿತ್ತು. ಡ್ರೈವರು ಅದರ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಅಣ್ಣ ಹೋಗಿ ಅವನೆದುರು ತಾನೂ ಕೂತ. ಏನು ಮಾತಾಡಿದರೋ ಮೇಲಿನವರೆಗೆ ಕೇಳಲಿಲ್ಲ. ಡ್ರೈವರು ಎರಡು ಸಲ ರಸ್ತೆಯ ಕಡೆ ಕೈ ತೋರಿಸಿದ, ಅಣ್ಣ ಎರಡು ಸಲವೂ ಬೇಡವೆಂದು ತಲೆ ಅಲ್ಲಾಡಿಸಿದ. ಆಮೇಲೆ ಇಬ್ಬರೂ ಎದ್ದರು. ಅಣ್ಣ ಗಾಡಿಯ ಹಿಂಬಾಗಿಲು ತೆರೆದು, ಹೊರಡಲೆಂದು ಹತ್ತಿಸಿಟ್ಟಿದ್ದ ಬಟ್ಟೆಯ ಗಂಟು, ನೀರಿನ ಕ್ಯಾನು, ಸುತ್ತಿದ ಚಾಪೆ ಎಲ್ಲವನ್ನೂ ಒಂದೊಂದಾಗಿ ಕೆಳಗಿಳಿಸತೊಡಗಿದ. ಎಲ್ಲವೂ ಒಮ್ಮೆಗೇ ಅವನ ಕೈಗೆ ಹಿಡಿಸಲಿಲ್ಲ.

ಗುಡಾಣನ ಹೆಂಡತಿ ಕಿರಿಯ ಡಾಕ್ಟರನ್ನು ದಾಟಿಕೊಂಡು ಸರಸರ ಕೆಳಗಿಳಿದು ಹೋದಳು. ಮೇಲೆ ಬರುವಾಗ ಗಂಟು ಅವಳ ಸೊಂಟದ ಮೇಲಿತ್ತು, ಚಾಪೆ ಕಂಕುಳಲ್ಲಿತ್ತು. ಬೆಂಚಿನ ಪಕ್ಕ, ಓಡಾಡುವವರಿಗೆ ಅಡ್ಡವಾಗದ ಹಾಗೆ ಗೋಡೆಗೆ ಒತ್ತಿ ಚಾಪೆ ಹಾಸಿದಳು. ಒಂದು ಮೂಲೆ ಸುರುಳಿ ಬಿಡದೆ ಮೇಲೇಳುತ್ತಿತ್ತು. ಅದರ ಮೇಲೆ ನೀರಿನ ಕ್ಯಾನು ತಂದಿಟ್ಟಳು.